ಒಳಗೆಳೆದ ಹೌದು

ಸ್ತೂರೆ ಲಿಡ್‌ಗ್ರೆನ್ ಒಂದೇ ಉಸಿರಿನಲ್ಲಿ ಮದುವೆಯಾದವನು. ಇದು ಅಲಂಕಾರಕ್ಕೆ ಹೇಳಿದ ಮಾತಲ್ಲ. ಗ್ರಾನ್‌ಟ್ರೆಸ್ಕ್ ಹಳ್ಳಿಯ ಚರ್ಚಿನಲ್ಲಿ ಪಾದ್ರಿ ಅವನನ್ನು ನೋಡಿ, ಈ ಸೀವ್‌ಳನ್ನು ಹೆಂಡತಿಯಾಗಿ ಸ್ವೀಕರಿಸುತ್ತೀಯಾ ಎಂದು ಕೇಳಿದಾಗ, ಅವನು ತುಟಿಗಳನ್ನು ಸ್ವಲ್ಪ ಮುಂದಕ್ಕೆ ಚಾಚಿ, ಬಿಸಿ ಸಾರು ಹೀರುವವನ ಹಾಗೆ ಒಂದಿಷ್ಟು ಗಾಳಿಯನ್ನು ಒಳಗೆಳೆದುಕೊಂಡ. 'ಶ್ಶುಪ್' ಎಂದು ಸದ್ದಾಯಿತು. ಪಾದ್ರಿ ನಮ್ಮ ಕಡೆಯವರೇ ಆದ್ದರಿಂದ ಪುಟ ತಿರುವಿ ಮುಂದಕ್ಕೆ ಹೋದರು. ಹುಡುಗಿಯೂ ಹಾಗೆಯೇ ಎಳೆದುಕೊಂಡಳು. ಹೊರಗಿನವರು ಯಾರಾದರೂ ಅಲ್ಲಿದ್ದಿದ್ದರೆ ಇಬ್ಬರಿಗೂ ನೆಗಡಿಯಾಗಿದೆ ಎಂದುಕೊಳ್ಳುತ್ತಿದ್ದರು.

ದೇಶದ ಉತ್ತರದಲ್ಲಿರುವ ನಮ್ಮ ವೆಸ್ಟರ್‌ಬೊಟ್ಟೆನ್ನಿನಲ್ಲಿ ಹೌದು ಎನ್ನುವುದೇ ಹೀಗೆ. ಲೋಕದ ಉಳಿದ ಜನ ಹೌದೆನ್ನಲು ಉಸಿರನ್ನು ಹೊರಗೆ ಬಿಡುತ್ತಾರೆ, ನಾವು ಒಳಗೆಳೆದುಕೊಳ್ಳುತ್ತೇವೆ. ಆರು ತಿಂಗಳು ಹಿಮ ಬೀಳುವ ಸೀಮೆಯಲ್ಲಿ ಬಾಯಿ ತೆರೆದರೆ ಒಳಗಿನ ಕಾವು ಹೋದೀತೆಂಬ ಮುಂಜಾಗ್ರತೆಯಿರಬೇಕು. ಸಾಮಾನ್ಯ ಜನರ ಬಳಿ ಒಳಗಿನ ಹೌದೂ ಇರುತ್ತದೆ, ಹೊರಗಿನ ಹೌದೂ ಇರುತ್ತದೆ. ಸ್ತೂರೆಯ ಬಳಿ ಇದ್ದದ್ದು ಒಳಗಿನದೊಂದೇ. ಅದರಲ್ಲೇ ಅವನು ಸಂಸಾರ ಮಾಡಿದ, ಸಾಲ ಮಾಡಿದ, ಮಗಳನ್ನು ಧಾರೆಯೆರೆದು ಕೊಟ್ಟ. ಇಲ್ಲ ಎನ್ನಬೇಕಾದಾಗ ಏನೂ ಅನ್ನದೆ ಎದ್ದು ಹೋಗುತ್ತಿದ್ದ.

ಅವನ ಕೆಲಸವೂ ಮಾತು ಬೇಡದ ಕೆಲಸವೇ. ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ. ನದಿಯುದ್ದಕ್ಕೂ ಇರುವ ದನದ ಕೊಟ್ಟಿಗೆಗಳಿಗೆ ಹೋಗುವುದು, ಪೈಪು ಸಿಕ್ಕಿಸುವುದು, ಹಾಲು ಹೀರಿಕೊಳ್ಳುವುದು, ಚೀಸ್ ಕಾರ್ಖಾನೆಗೆ ತಂದು ಸುರಿಯುವುದು. ದಾರಿಯಲ್ಲಿ ಒಂದೊಂದು ಮನೆಯಲ್ಲೂ ಕಾಫಿ. ಇಲ್ಲಿಯ ಕಾಫಿಯೆಂದರೆ ಕುದಿಸಿದ ಕಾಫಿ: ಪಾತ್ರೆಯಲ್ಲಿ ನೀರು, ಅದಕ್ಕೆ ದಪ್ಪ ಪುಡಿ, ಉಕ್ಕುವವರೆಗೆ ಕುದಿ, ಗಷ್ಟ ತಳಕ್ಕಿಳಿಯುವವರೆಗೆ ಮೌನ. ಆ ಮೌನದಲ್ಲಿ ಅವನು ಪಳಗಿದವನು. ಮನೆಗೆ ಬಂದರೆ ಸೀವ್ ಮಾಡಿದ ಪಾಲ್ಟ್, ಅಂದರೆ ನಡುವೆ ಹಂದಿಮಾಂಸವಿಟ್ಟ ಆಲೂಗಡ್ಡೆಯ ಉಂಡೆ. ಅದನ್ನು ಬಿಸಿಯಿರುವಾಗಲೇ ಸೀಳಿ ಒಳಗೊಂದು ಬೆಣ್ಣೆಯ ಗಡ್ಡೆ ಇಟ್ಟರೆ ಬೆಣ್ಣೆ ಕರಗಿ ತಟ್ಟೆಗೆಲ್ಲ ಹರಿಯುತ್ತದೆ. ಉಂಡ ಮೇಲೆ ಸೋಫಾದಲ್ಲಿ ಬೀಳುವುದು ಕಡ್ಡಾಯ. ಹೆಂಡತಿಗೆ ಬೆಣ್ಣೆ ಹಚ್ಚುವ ಮಾತು ಅವನಿಗೆ ಬರುತ್ತಿರಲಿಲ್ಲ. ರೊಟ್ಟಿಗೆ ಮಾತ್ರ ಧಾರಾಳವಾಗಿ ಹಚ್ಚುತ್ತಿದ್ದ.

ಲಿಡ್‌ಗ್ರೆನ್ ಗಂಡಸರ ವಿಷಯ ಊರಿಗೆಲ್ಲ ಗೊತ್ತಿತ್ತು. ಸ್ತೂರೆಯ ತಂದೆ ವಾಲ್‌ಫ್ರಿಡ್ ಐವತ್ತೆರಡನೆಯ ವಯಸ್ಸಿನಲ್ಲಿ ಮಾಡಿನ ಹಿಮ ಎಳೆಯುತ್ತ ಅಂಗಳದಲ್ಲಿ ಕುಸಿದವನು. ಅಜ್ಜ ಅಷ್ಟು ದಿನವೂ ಬಾಳಲಿಲ್ಲ. ದೊಡ್ಡಪ್ಪ ಮೀನು ಹಿಡಿಯುವ ದೋಣಿಯಲ್ಲಿ ಕೂತ ಹಾಗೇ ಹೋಗಿದ್ದ. ಆ ಮನೆಯಲ್ಲಿ ಕೊಬ್ಬು ಜಾಸ್ತಿ ಎಂದು ಊರವರು ಮೊದಲಿನಿಂದ ಆಡಿಕೊಳ್ಳುತ್ತಿದ್ದದ್ದು ಬೇರೆ ಅರ್ಥದಲ್ಲಿ. ಸ್ತೂರೆಗೆ ಅರವತ್ತು ತುಂಬಿದಾಗ ಆರೋಗ್ಯ ಕೇಂದ್ರದವರು ಕರೆದು ರಕ್ತ ತೆಗೆದರು, ಆಗ ಇನ್ನೊಂದು ಅರ್ಥದಲ್ಲೂ ಅದು ನಿಜವಾಯಿತು.

ನಮ್ಮ ಕಡೆ ನಲವತ್ತಕ್ಕೊಮ್ಮೆ, ಐವತ್ತಕ್ಕೊಮ್ಮೆ, ಅರವತ್ತಕ್ಕೊಮ್ಮೆ ಹೀಗೆ ಕರೆಯುತ್ತಾರೆ. ಸತ್ತರೂ ಸರಿ, ಸಂಶೋಧನೆಗೆ ಇಲ್ಲ ಎನ್ನದ ಜನ ನಾವು. ಆ ವರ್ಷ ಹೊಸದೊಂದು ಶುರುವಾಗಿತ್ತು. ಕತ್ತಿನ ಎರಡೂ ಬದಿಗೆ ಲೋಳೆ ಸವರಿ, ಬಸುರಿಯ ಹೊಟ್ಟೆ ನೋಡುವ ಯಂತ್ರದಂಥದ್ದನ್ನೇ ಆಡಿಸಿ ರಕ್ತನಾಳದ ಗೋಡೆಯನ್ನು ನೋಡುತ್ತಿದ್ದರು. ಕೊಲೆಸ್ಟ್ರಾಲಿನ ಜಿಡ್ಡು ಗೋಡೆಯೊಳಗೆ ಸೇರಿ ಗಂಟು ಕಟ್ಟಿದೆಯೋ ಇಲ್ಲವೋ ಅದರಲ್ಲಿ ಕಾಣುತ್ತದೆ. ಕತ್ತಿನಲ್ಲಿ ಇದ್ದರೆ ಎದೆಯಲ್ಲೂ ಇದ್ದೀತು ಎಂಬುದು ಲೆಕ್ಕ. ಆಮೇಲೆ ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಅವರವರ ಕತ್ತಿನ ಚಿತ್ರವನ್ನು ಮನೆಗೇ ಕಳಿಸುವುದು, ಇನ್ನೊಂದು ಪಾಲಿಗೆ ಬರಿಯ ಬುದ್ಧಿವಾದ. ತನ್ನ ನಾಳವನ್ನು ತಾನೇ ಕಂಡವನು ಹೆದರಿ ದಾರಿಗೆ ಬರುತ್ತಾನೋ ಎಂಬುದೇ ಅವರು ಕಂಡುಕೊಳ್ಳಬೇಕಿದ್ದ ಸಂಗತಿ.

ನೆರೆಮನೆಯ ಇಂಗೆಮಾರ್‌ಗೆ ಚಿತ್ರ ಬರಲಿಲ್ಲ. ಸ್ತೂರೆಗೆ ಬಂತು.

ಕಪ್ಪು ಬಿಳುಪಿನ ಚಿತ್ರ, ಮಬ್ಬುಗತ್ತಲೆಯಲ್ಲಿ ಹರಿಯುವ ಹೊಳೆಯ ಹಾಗೆ. ಪಕ್ಕದಲ್ಲಿ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಏರುವ ಪಟ್ಟಿ. ಬಾಣ ಕೆಂಪಿನಲ್ಲಿ ನಿಂತಿತ್ತು. ಅರವತ್ತರ ಮನುಷ್ಯನ ನಾಳಗಳಿಗೆ ಹತ್ತು ವರ್ಷ ಹೆಚ್ಚು ವಯಸ್ಸಾಗಿದೆ ಎಂದು ಅದರ ಅರ್ಥ. ಕೆಳಗೊಂದು ಟ್ರಾಫಿಕ್ ದೀಪದ ಚಿತ್ರ, ಅದೂ ಕೆಂಪು. ಗಂಟು ಕಂಡಿದೆ ಎಂಬುದಕ್ಕೆ. ಸ್ತೂರೆ ಅದನ್ನು ನೋಡಿ, ಮಡಚಿ, ರೇಡಿಯೋ ಕೆಳಗಿಟ್ಟು, ಸೌದೆ ಒಡೆಯಲು ಹೋದ. ಸೀವ್ ಅದನ್ನು ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಕಾನ್ವೆಂಟಿನ ಗೋಡೆಯ ಮೇಲಿನ ಪವಿತ್ರ ಹೃದಯದ ಪಟದ ಹಾಗೆ ಅದು ಅಲ್ಲಿಂದ ಅಡುಗೆಮನೆಯ ಎಲ್ಲ ಪಾಪಗಳನ್ನೂ ನೋಡುತ್ತಿತ್ತು. ಕತ್ತಿನ ಚಿತ್ರ ಅವಳ ಪಾಲಿಗೆ ಕುತ್ತಿನ ಚಿತ್ರವಾಯಿತು. ಚಿತ್ರ ಬಂದದ್ದು ಸ್ತೂರೆಗೆ, ಹೆದರಿದ್ದು ಸೀವ್. ಇದಕ್ಕೆ ಸಂಶೋಧನೆಯಲ್ಲಿ ಜಾಗವಿರಲಿಲ್ಲ.

ಅವಳು ಹಳ್ಳಿಯ ಶಾಲೆಯಲ್ಲಿ ಅಡುಗೆ ಮಾಡುವವಳು. ಮುನ್ನೂರು ಮಕ್ಕಳು ಬಾಯಿ ಬಡಿದುಕೊಂಡರೂ ಅಲುಗದ ಹೆಂಗಸು. ಈಗ ಒಬ್ಬ ಗಂಡಸಿನ ಉಸಿರಿಗೆ ಅಲುಗಿದಳು. ಮೊದಲು ಬೆಣ್ಣೆ ಹೋಯಿತು. ಚೀಸ್ ಹೋಯಿತು. ಪಾಲ್ಟ್ ಹಬ್ಬಕ್ಕೆ ಮಾತ್ರ ಉಳಿಯಿತು. ಆರೋಗ್ಯ ಕೇಂದ್ರದ ಕಾಗದದಲ್ಲಿ ಕುದಿಸಿದ ಕಾಫಿಯೂ ಕೊಲೆಸ್ಟ್ರಾಲ್ ಏರಿಸುತ್ತದೆ, ಫಿಲ್ಟರ್ ಮಾಡಿ ಕುಡಿಯಿರಿ ಎಂದಿತ್ತು. ಫಿಲ್ಟರ್ ಎಂದರೆ ಮೈಸೂರಿನ ಹಿತ್ತಾಳೆ ಫಿಲ್ಟರ್ ಅಲ್ಲ, ಎಣ್ಣೆಯಂಶವನ್ನು ಹಿಡಿದಿಡುವ ಕಾಗದದ್ದು. ಇಷ್ಟು ವರ್ಷ ದಿನಕ್ಕೆ ಹತ್ತು ಬಟ್ಟಲು ಕುದಿಸಿ ಕೊಟ್ಟವಳು ತಾನೇ ಎಂದು ನೆನೆದು ಅವಳು ಕುದಿಸುವ ಪಾತ್ರೆಯನ್ನು ಅಟ್ಟಕ್ಕೆ ಹಾಕಿದಳು. ಕಾಗದದಲ್ಲಿ ಸೋಸಿದ ಕಾಫಿಯನ್ನು ಮೊದಲ ಸಲ ಮುಂದಿಟ್ಟಾಗ ಸ್ತೂರೆ ಬಟ್ಟಲಿನೊಳಗೆ ಬಹಳ ಹೊತ್ತು ನೋಡಿದ. ತಳ ಕಾಣುತ್ತಿತ್ತು.

"ಕಾಫಿ ತೊಳೆದ ನೀರು ಇದು" ಎಂದ. ಅವನ ಮಟ್ಟಿಗೆ ಅದು ಭಾಷಣ.

"ಕುಡಿ ಮುದುಕ. ನಾಳ ಕಟ್ಟಿಕೊಂಡರೆ ನಾಳೆ ಇಲ್ಲ."

ಅವನು ಕುಡಿದ. ಕೊಲೆಸ್ಟ್ರಾಲಿನ ಮಾತ್ರೆಯನ್ನೂ ನುಂಗಿದ. ಎಲ್ಲಕ್ಕೂ ಶ್ಶುಪ್, ಶ್ಶುಪ್ ಎಂದು ಒಪ್ಪಿದ. ಕಷ್ಟ ಶುರುವಾದದ್ದು ಅಲ್ಲಿಯೇ. ಆ ಸದ್ದು ಅವಳಿಗೆ ಈಗ ಬೇರೆ ಥರ ಕೇಳತೊಡಗಿತು. ಅಡುಗೆಮನೆಯಿಂದ ಅವಳು, ಕಿಟಕಿ ಮುಚ್ಚಿದೆಯಾ ಎಂದು ಕೂಗಿದರೆ ಹಜಾರದಿಂದ ಶ್ಶುಪ್. ಅದು ಹೌದೋ, ಅಥವಾ ಎದೆ ಹಿಡಿದುಕೊಂಡು ಗಾಳಿಗಾಗಿ ಎಳೆದದ್ದೋ? ಕೈಯಲ್ಲಿದ್ದ ಸೌಟಿನ ಸಮೇತ ಓಡಿ ಬರುವಳು. ಅವನು ಪತ್ರಿಕೆಯಿಂದ ತಲೆಯೆತ್ತಿ, ಏನು ಎಂದು ಹುಬ್ಬು ಹಾರಿಸುವನು. ಬರಬರುತ್ತ ಅವನ ಪ್ರತಿ ಹೌದಿಗೂ ಅವಳು ಹೌಹಾರುವ ಹಾಗಾಯಿತು. ಗಟ್ಟಿಯಾಗಿ, ಹೊರಗೆ, ಬಾಯಿಬಿಟ್ಟು 'ಯಾ' ಎಂದು ಹೌದು ಹೇಳು ಎಂದು ಬೇಡಿಕೊಂಡಳು. ಪಾಪ, ಒಂದು ವಾರ ಪ್ರಯತ್ನಪಟ್ಟ. ಕಾಡುಹಂದಿ ಕೆಮ್ಮಿದ ಹಾಗಿತ್ತು. ಕೊನೆಗೆ ಇಬ್ಬರಿಗೂ ಹಳೆಯದೇ ವಾಸಿ ಅನ್ನಿಸಿತು. ಅವಳು ಪ್ರಶ್ನೆ ಕೇಳುವುದನ್ನೇ ಕಡಿಮೆ ಮಾಡಿದಳು.

ಇಂಗೆಮಾರ್ ಮಾತ್ರ ಆರಾಮಾಗಿದ್ದ. ಬೇಲಿಯಾಚೆ ನಿಂತು ಸೀವ್‌ಳನ್ನು ಕೆಣಕುವನು. "ನಂಗೂ ಕೆಂಪೇ ಇರಬಹುದು ಕಣೇ, ಆದ್ರೆ ನಂಗೆ ಗೊತ್ತಿಲ್ಲ ನೋಡು. ಗೊತ್ತಿಲ್ಲದವನ ಬೆಣ್ಣೆ ಬೆಣ್ಣೆ ಥರಾನೇ ಇರತ್ತೆ." ಅವನು ಊರಿನ ಅಗ್ನಿಶಾಮಕ ದಳದಲ್ಲಿ ಬಿಡುವಿನ ವೇಳೆಯ ಕೆಲಸಗಾರ. ಆಂಬುಲೆನ್ಸ್ ಬರುವ ಮೊದಲು ಯಾರ ಮನೆಯಲ್ಲಿ ಯಾರು ಬಿದ್ದರೂ ಹೃದಯಕ್ಕೆ ಷಾಕ್ ಕೊಡುವ ಪೆಟ್ಟಿಗೆ ಹಿಡಿದು ಓಡಬೇಕಾದವನು ಅವನೇ. ಆದ್ದರಿಂದ ಸೀವ್ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ.

ಚಳಿಗಾಲದ ನಡುವೆ ಒಂದು ಬೆಳಗ್ಗೆ ನರ್ಸ್ ಫೋನ್ ಮಾಡಿದಳು. ಚಿತ್ರ ಕಳಿಸಿದ ಮೇಲೆ ಹೀಗೆ ವಿಚಾರಿಸಿಕೊಳ್ಳುವ ಪದ್ಧತಿ. ಹಳೆಯ ನರ್ಸ್ ನಿವೃತ್ತಳಾಗಿ, ಸ್ಕೋನೆಯಿಂದ ಹೊಸಬಳು ಬಂದಿದ್ದಳು. ಸ್ಕೋನೆಯೆಂದರೆ ದೇಶದ ದಕ್ಷಿಣದ ತುದಿ; ಗಂಟಲಲ್ಲಿ ಗಂಜಿ ಇಟ್ಟುಕೊಂಡು ಮಾತಾಡುವ ಜನ ಎಂದು ನಾವು ಅವರನ್ನು ಆಡಿಕೊಳ್ಳುತ್ತೇವೆ. ಅವರು ನಮ್ಮನ್ನು ಏನೆನ್ನುತ್ತಾರೋ, ನಾವು ಕೇಳಿಲ್ಲ. ಅವಳ ಹೆಸರು ತೆರೆಸ್. ಕಟ್ಟಿದ ನಾಳವನ್ನು ತೆರೆಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಹೆಸರಿಲ್ಲ. ಆದರೆ ಸ್ತೂರೆಯ ಬಾಯಿ ತೆರೆಸುವುದು ಅವಳಿಂದಾಗಲಿಲ್ಲ.

ಸೀವ್ ಒಲೆಯ ಹತ್ತಿರ ನಿಂತು ಕಿವಿಗೊಟ್ಟಿದ್ದಳು. ಆಚೆಯ ಪ್ರಶ್ನೆ ಅವಳಿಗೆ ಕೇಳುತ್ತಿರಲಿಲ್ಲ, ಈಚೆಯ ಉತ್ತರ ಮಾತ್ರ ಕೇಳುತ್ತಿತ್ತು. ಶ್ಶುಪ್. ಸ್ವಲ್ಪ ಹೊತ್ತು ಬಿಟ್ಟು ಶ್ಶುಪ್. ಮತ್ತೆ ಶ್ಶುಪ್. ಒಳ್ಳೆಯ ಹುಡುಗನ ಹಾಗೆ ಎಲ್ಲದಕ್ಕೂ ಹೌದೆನ್ನುತ್ತಿದ್ದಾನೆ, ಮಾತ್ರೆ ನುಂಗುತ್ತಿದ್ದೇನೆ, ನಡೆಯುತ್ತಿದ್ದೇನೆ, ಸೋಸಿದ ಕಾಫಿಯನ್ನೇ ಕುಡಿಯುತ್ತಿದ್ದೇನೆ ಎಂದು, ಅಂದುಕೊಂಡಳು. ಫೋನ್ ಇಟ್ಟ ಮೇಲೆ, ನರ್ಸ್ ಏನಂದಳು ಎಂದು ಸೀವ್ ಕೇಳಿದಳು. ಎಲ್ಲ ಕೇಳಿದಳು, ಎಲ್ಲ ಹೇಳಿದೆ ಎಂದ ಅವನು. ಚಿತ್ರ ಬಂದ ಮೇಲೆ ಮೊದಲ ಸಲ ಅವತ್ತು ಅವಳು ಪೂರ್ತಿ ಒಂದು ರೊಟ್ಟಿ ತಿಂದಳು.

ಆ ನೆಮ್ಮದಿ ಮಾರ್ಚಿಯವರೆಗೆ ಬಂತು. ಹಗಲು ಉದ್ದವಾಗಿ, ಹಿಮದ ಮೇಲೆ ಬಿಸಿಲು ಕಣ್ಣು ಕುಕ್ಕುವ ಕಾಲ. ಅಂಗಳದ ಹಿಮ ತೆಗೆಯುವಾಗ ಸ್ತೂರೆ ನಡುನಡುವೆ ಸಲಿಕೆ ಊರಿ ನಿಲ್ಲುವುದನ್ನು ಅವಳು ಕಿಟಕಿಯಿಂದ ಕಂಡಳು. ಬೆಟ್ಟ ನೋಡುವವನ ಹಾಗೆ ನಿಲ್ಲುತ್ತಿದ್ದ. ಅಲ್ಲಿ ನೋಡುವಂಥ ಬೆಟ್ಟವೇ ಇಲ್ಲ. ಅಂಚೆ ಡಬ್ಬಿಯವರೆಗೆ ಹೋಗಿ ಬರಲು ಹಿಂದಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅವಳು ಕಾರಣ ಹುಡುಕಿದಳು: ಹಿಮ ತೇವವಾಗಿದೆ, ಭಾರ, ಬೂಟು ಹೊಸದು, ವಯಸ್ಸಾಯಿತು. ಹೆದರಿಕೆಯೆಂಬುದು ವಿಚಿತ್ರ. ಇಲ್ಲದ ಕಡೆಯೆಲ್ಲ ಅವಳನ್ನು ಓಡಿಸಿತ್ತು, ಇದ್ದ ಕಡೆ ಕಣ್ಣು ಕಟ್ಟಿತು. ಕೇಳಿದರೆ ಎಲ್ಲಿ ಹೌದೆಂದುಬಿಡುತ್ತಾನೋ ಎಂದು ಅವಳು ಕೇಳಲಿಲ್ಲ.

ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಕೊಡಲಿಯ ಸದ್ದು ಕೇಳಿಸಲಿಲ್ಲ. ಅವನು ಸೌದೆ ಒಡೆಯುವ ಕೊರಡಿನ ಮೇಲೆ ಕೂತಿದ್ದ. ಕೈಗವಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ. ಮುಖ ಒಲೆಯ ಬೂದಿಯ ಬಣ್ಣಕ್ಕಿತ್ತು, ಹಣೆಯಲ್ಲಿ ಬೆವರು. ಆ ಚಳಿಯಲ್ಲಿ ಬೆವರು.

"ಸ್ತೂರೆ. ಏನಾಗ್ತಿದೆ?"

"ಹಿಡಿತಿದೆ. ಬಿಡತ್ತೆ ಈಗ."

"ಈಗ ಅಂದ್ರೆ? ಮೊದಲೂ ಹಿಡಿದಿತ್ತಾ?"

ಶ್ಶುಪ್.

"ಯಾವಾಗಿಂದ?"

"ಕ್ರಿಸ್ಮಸ್ಸಿಂದ. ಹತ್ತಿದ್ರೆ ಹಿಡಿಯತ್ತೆ, ಕೂತ್ರೆ ಬಿಡತ್ತೆ. ಅವರಿಗೆ ಗೊತ್ತು."

"ಯಾರಿಗೆ ಗೊತ್ತು?"

"ಆ ಸ್ಕೋನೆ ಹುಡುಗೀಗೆ. ನಡೆಯುವಾಗ ಎದೆ ಹಿಡಿದ ಹಾಗಾಗತ್ತಾ ಅಂತ ಅವಳೇ ಕೇಳಿದ್ಳಲ್ಲ. ಹೇಳಿದೀನಿ. ಜಾಸ್ತಿ ಇದ್ರೆ ಅವರೇ ಕರೀತಾರೆ."

"ನೀನು ಏನಂದೆ? ಅವಳಿಗೆ ಏನಂದೆ, ಸರಿಯಾಗಿ ಅಂದು ತೋರಿಸು."

ಅವನು ತುಟಿ ಚಾಚಿ ಗಾಳಿ ಒಳಗೆಳೆದುಕೊಂಡು ತೋರಿಸಿದ.

"ಆಮೇಲೆ ಅವಳು?"

"ಸರಿ, ಒಳ್ಳೇದು ಅಂದ್ಳು."

ಸೀವ್‌ಳಿಗೆ ಈಗ ಹೊಳೆಯಿತು. ತಾನು ಒಲೆಯ ಬಳಿ ನಿಂತು ಎಣಿಸಿ ಸಂತೋಷಪಟ್ಟ ಆ ಹೌದುಗಳಲ್ಲಿ ಇದೂ ಒಂದು. ಎದುರಿಗೆ ಕೂತಿದ್ದರೆ ತೆರೆಸ್ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದಳೋ ಏನೋ. ಫೋನಿನಲ್ಲಿ ಅವಳಿಗೆ ಏನೂ ಕೇಳಿಸಿಲ್ಲ. ಎದೆ ನೋವಿದೆಯಾ ಎಂದು ಕೇಳಿದರೆ ಸುಮ್ಮನಿರುವ ಮನುಷ್ಯನಿಗೆ ನೋವಿಲ್ಲ ಎಂದೇ ಅರ್ಥ, ಸ್ಕೋನೆಯಲ್ಲಿ. ಇವನು ನಿಜ ಹೇಳಿದ್ದಾನೆ. ಹೇಳಿ, ಕರ್ತವ್ಯ ಮುಗಿಯಿತೆಂದು, ಕರೆ ಬರುವುದನ್ನು ಕಾಯುತ್ತ ಇಷ್ಟು ದಿನ ಸೌದೆ ಒಡೆದಿದ್ದಾನೆ.

ಅವಳು ತುರ್ತು ಸಂಖ್ಯೆಗೆ ಫೋನ್ ಮಾಡಿದಳು. ಎತ್ತಿದವನೂ ಎಲ್ಲಿಯೋ ದೂರದ ಊರಿನವನು, ಒಳ್ಳೆಯ ನಿಧಾನದ ದನಿ. ಗಂಡನಿಗೆ ಎಚ್ಚರ ಇದೆಯಾ ಎಂದು ಕೇಳಿದ. ಅವಳು ಉತ್ತರ ಕೊಟ್ಟಳು. ಎದೆಯಿಂದ ಕೈಗೆ ನೋವು ಹರಿಯುತ್ತಿದೆಯಾ ಎಂದ. ಅದಕ್ಕೂ ಕೊಟ್ಟಳು.

"ಒಂದು ನಿಮಿಷ. ಉಸಿರಾಡೋಕೆ ಕಷ್ಟ ಆಗ್ತಿರೋದು ನಿನಗಾ, ಅವನಿಗಾ?" ಎಂದು ಆ ದನಿ ಕೇಳಿತು.

ಆಗ ಅವಳಿಗೆ ತಿಳಿಯಿತು, ತಾನೂ ಒಳಕ್ಕೇ ಎಳೆಯುತ್ತಿದ್ದೇನೆ ಎಂದು. ಹುಟ್ಟಿದಾಗಿನಿಂದ ಬಂದದ್ದು, ಹೆದರಿದಾಗ ಇನ್ನಷ್ಟು ಒಳಕ್ಕೆ ಹೋಗುತ್ತದೆ.

"ನಂಗೇನೂ ಆಗಿಲ್ಲ. ಹೌದು ಅಂದೆ ಅಷ್ಟೆ. ಹೌದು. ಎಲ್ಲದಕ್ಕೂ ಹೌದು. ಬೇಗ ಕಳಿಸು" ಎಂದು ಅಂಗಳ ತುಂಬುವ ಹಾಗೆ ಕೂಗಿದಳು. ಆ ಕೂಗಿಗೇ ಇಂಗೆಮಾರ್ ತನ್ನ ಮನೆಯ ಬಾಗಿಲು ತೆರೆದ ಎಂದು ಆಮೇಲೆ ಊರಲ್ಲಿ ಹೇಳಿದರು. ಅವನ ಸೊಂಟದಲ್ಲಿದ್ದ ಅಗ್ನಿಶಾಮಕ ದಳದ ಪೇಜರ್ ಕೂಗಿದ್ದು ಅದಾದ ಮೇಲೆ.

ಅವನು ಪೆಟ್ಟಿಗೆ ಹಿಡಿದು ಬಂದ. ಕೆಣಕುವ ಮಾತು ಒಂದೂ ಇರಲಿಲ್ಲ. ಸ್ತೂರೆಯನ್ನು ಗೋಡೆಗೆ ಒರಗಿಸಿ ಕೂರಿಸಿ, ಫೋನಿನವನು ಹೇಳಿದ ಹಾಗೆ ಆಸ್ಪಿರಿನ್ ಅಗಿಸಿ, ಅಂಗಿಯ ಗುಂಡಿ ಬಿಚ್ಚಿ, ಪೆಟ್ಟಿಗೆಯನ್ನು ತೆರೆಯದೆ ಪಕ್ಕದಲ್ಲಿ ಇಟ್ಟುಕೊಂಡ. ತೆರೆಯುವ ಹೊತ್ತು ಬರದಿರಲಿ ಎಂದು ಸೀವ್ ಆ ಪೆಟ್ಟಿಗೆಯ ಚಿಲಕವನ್ನೇ ನೋಡುತ್ತ ನಿಂತಳು. ಹತ್ತಿರದ ಆಂಬುಲೆನ್ಸ್ ನದಿಯಾಚೆ ಇತ್ತು. ಹಿಮದ ದಾರಿ. ಕಾಯುವುದರ ಹೊರತು ಮಾಡಲು ಏನೂ ಉಳಿದಿರಲಿಲ್ಲ. ಇಂಗೆಮಾರ್ ನಡುವೆ ಒಂದು ಸಲ ತನ್ನ ಕತ್ತಿನ ಪಕ್ಕವನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿಕೊಂಡ, ಯಾರಿಗೂ ಕಾಣದ ಹಾಗೆ. ಸೀವ್‌ಳಿಗೆ ಕಂಡಿತು.

ನಗರದ ದೊಡ್ಡ ಆಸ್ಪತ್ರೆಯಲ್ಲಿ ಅವನನ್ನು ಒಳಗೆ ತೆಗೆದುಕೊಂಡು ಹೋದ ಬಾಗಿಲಿನ ಮೇಲೆ ಒಂದು ದೀಪ, ಅದರ ಬಣ್ಣ ನಿಮಗೆ ಗೊತ್ತು. ಅದನ್ನು ನೋಡಲಾರದೆ ಅವಳು ಕಾಫಿ ಯಂತ್ರದ ಕಡೆ ಮುಖ ಮಾಡಿ ಕೂತಳು. ವಾಲ್‌ಫ್ರಿಡ್ ಸತ್ತಾಗ ಅತ್ತೆ ಶವದ ಕೋಟಿನಿಂದ ಹಿಮ ಒದರಿ ಮೊಳೆಗೆ ತೂಗುಹಾಕಿದ್ದಳಂತೆ, ನಾಳೆ ಬೇಕಾಗುತ್ತದೆ ಎಂಬಂತೆ. ಸ್ತೂರೆಯ ಕೋಟು ಈಗ ಸೀವ್‌ಳ ಮಡಿಲಲ್ಲಿತ್ತು. ಅದನ್ನು ಎಲ್ಲಿಯೂ ತೂಗುಹಾಕಲು ಅವಳಿಗೆ ಧೈರ್ಯ ಬರಲಿಲ್ಲ.

ಹೊರಗೆ ಬಂದ ಡಾಕ್ಟರ ಹೆಸರು ಶಿರೀನ್. ಇರಾನಿನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಬಂದು ನಮ್ಮ ಕರಾವಳಿಯಲ್ಲೇ ಬೆಳೆದವಳು. ಇಲ್ಲಿ ಡಾಕ್ಟರಿಗೂ ನೀನು, ದೇವರಿಗೂ ನೀನು, ಆದ್ದರಿಂದ ಮಾತು ಬೇಗ ಹತ್ತಿರವಾಗುತ್ತದೆ. ಹೃದಯದ ಮುಂದಿನ ನಾಳ ಬಹುತೇಕ ಮುಚ್ಚಿತ್ತು, ಮಣಿಕಟ್ಟಿನಿಂದ ತಂತಿ ಕಳಿಸಿ ಸ್ಟೆಂಟ್ ಎಂಬ ಸಣ್ಣ ಜಾಲರಿ ಕೂರಿಸಿ ತೆರೆದಿದ್ದೇವೆ, ಬದುಕಿದ್ದಾನೆ ಎಂದಳು. ಆಮೇಲೆ ಸೀವ್‌ಳನ್ನು ಒಳಗೆ ಕರೆದೊಯ್ದು ಅವನನ್ನು ಕೇಳಿದಳು, ಇದು ಕ್ರಿಸ್ಮಸ್ಸಿನಿಂದಲೂ ಇತ್ತಾ ಎಂದು. ಸ್ತೂರೆ ಮಲಗಿದಲ್ಲಿಂದಲೇ ಶ್ಶುಪ್ ಎಂದ. ಡಾಕ್ಟರು ತಾನೂ ಒಂದು ಶ್ಶುಪ್ ಎಳೆದುಕೊಂಡು, ಗೊತ್ತಾಯಿತು ಎಂಬಂತೆ ತಲೆಯಾಡಿಸಿದಳು. ಅಷ್ಟು ಹೊತ್ತೂ ಅಳದಿದ್ದ ಸೀವ್ ಅದನ್ನು ಕೇಳಿ ಅತ್ತಳು.

ಆದರೆ ಹೊರಡುವ ಮೊದಲು ಶಿರೀನ್ ಇನ್ನೊಂದು ವಿಷಯ ಹೇಳಿದಳು. ಹೇಳದಿದ್ದರೆ ತಪ್ಪಾಗುತ್ತಿತ್ತು. ಹೇಳಿದ್ದರಿಂದ ಸೀವ್‌ಳ ಹೆದರಿಕೆಗೆ ಹೊಸ ಮನೆ ಸಿಕ್ಕಿತು.

"ಕಿರಿದಾದ ಜಾಗಾನೇ ಅಪಾಯ ಅಂತ ಮೊದಲು ಅಂದ್ಕೋತಿದ್ವಿ. ಅದನ್ನ ತೆರೆದಾಯ್ತು. ಈಗಿನ ಸಂಶೋಧನೆಯಲ್ಲಿ ನೋಡಿದ್ರೆ, ದಾರಿಗೆ ಅಡ್ಡ ಬರದೆ ಗೋಡೆ ಒಳಗೆ ಮೆತ್ತಗೆ ಕೂತಿರೋ ಗಂಟುಗಳೂ ಅಷ್ಟೇ ಅಪಾಯ. ಅವು ನೋವು ಕೊಡಲ್ಲ. ಮೇಲಿನ ಪೊರೆ ತೆಳು ಇರತ್ತೆ. ಅದು ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟತ್ತೆ."

"ಇವನಲ್ಲಿ ಇವೆಯಾ ಅಂಥವು?"

"ಬೇರೆ ನಾಳಗಳಲ್ಲೂ ಗಂಟು ಕಾಣ್ತು. ಯಾವುದು ಗಟ್ಟಿ, ಯಾವುದು ಮೆತ್ತಗೆ, ಪೂರ್ತಿ ಹೇಳೋಕಾಗಲ್ಲ."

"ತೆಗೆದುಬಿಡು ಮತ್ತೆ."

"ತೆಗೆಯೋದಲ್ಲ ಅದು. ಔಷಧಿ ಜಾಸ್ತಿ ಮಾಡಿ ಕೊಲೆಸ್ಟ್ರಾಲನ್ನ ತುಂಬಾ ಕೆಳಗೆ ಇಳಿಸಿದ್ರೆ ಪೊರೆ ದಪ್ಪ ಆಗ್ತಾ ಬರತ್ತೆ, ಗಂಟು ಸ್ವಲ್ಪ ಕುಗ್ಗಲೂಬಹುದು. ಮಾತ್ರೆ ಸಾಲದಿದ್ರೆ ಚುಚ್ಚುಮದ್ದು ಇದೆ. ಸಮಯ ಹಿಡಿಯತ್ತೆ. ಬಿಡಬಾರದು ಅಷ್ಟೆ."

ಮೆತ್ತಗೆ, ನೋವು ಕೊಡದೆ, ಸುಮ್ಮನೆ ಕೂತಿರುವುದು. ಡಾಕ್ಟರು ಗಂಡನ ನಾಳದ ಬಗ್ಗೆ ಹೇಳುತ್ತಿದ್ದಾಳೋ ಗಂಡನ ಬಗ್ಗೆ ಹೇಳುತ್ತಿದ್ದಾಳೋ ಎಂದು ಸೀವ್‌ಳಿಗೆ ಅನುಮಾನವಾಯಿತು.

ತೆರೆಸ್‌ಗೆ ಸುದ್ದಿ ಹೇಗೋ ಮುಟ್ಟಿತ್ತು. ಫೋನ್ ಮಾಡಿ, ನನಗೆ ಕೇಳಿಸಲೇ ಇಲ್ಲ, ಸುಮ್ಮನಿದ್ದಾನೆ ಎಂದುಕೊಂಡೆ ಎಂದು ಅತ್ತಳು. ಸೀವ್ ಬೈಯಲಿಲ್ಲ. ಅದೇ ಉಸಿರನ್ನು ಎರಡು ಹೆಜ್ಜೆ ದೂರದಿಂದ ಕೇಳಿಸಿಕೊಂಡು ತಾನು ರೊಟ್ಟಿ ತಿಂದವಳು. ಮುಂದೆ ನಮ್ಮವರಿಗೆ ಫೋನ್ ಮಾಡಿದಾಗ ಮೌನವಿದ್ದರೆ ಇನ್ನೊಂದು ಸಲ ಕೇಳು ಎಂದಷ್ಟೇ ಹೇಳಿದಳು.

ಮನೆಗೆ ಕಳಿಸಿದ ದಿನ ಕಾರನ್ನು ಸೀವ್ ಓಡಿಸಿದಳು. ಜೀವಮಾನವಿಡೀ ಸ್ಟಿಯರಿಂಗ್ ಹಿಡಿದಿದ್ದ ಸ್ತೂರೆ ಪಕ್ಕದ ಸೀಟಿನಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದ. ನಗರ ದಾಟಿ ಕಾಡು ಶುರುವಾದ ಕೂಡಲೇ ಮಾತಾಡತೊಡಗಿದ. ಯಾವ ಕೊಟ್ಟಿಗೆಯ ಹಾಲು ಗಟ್ಟಿಯಿತ್ತು, ಯಾವ ಮನೆಯ ನಾಯಿ ಟ್ಯಾಂಕರಿನ ಚಕ್ರ ಕಚ್ಚುತ್ತಿತ್ತು, ಆ ತಿರುವಿನಲ್ಲಿ ಒಂದು ಚಳಿಗಾಲ ಹೇಗೆ ಜಾರಿ ಹಳ್ಳಕ್ಕಿಳಿದಿದ್ದ. ಬಾಯಿ ನಿಲ್ಲಲೇ ಇಲ್ಲ. ಇಷ್ಟು ವರ್ಷ ಅವನ ಮೌನಕ್ಕೆ ಹೆದರಿದವಳು ಈಗ ಅವನ ಮಾತಿಗೆ ಹೆದರಿದಳು. ಹೀಗೆ ಇದ್ದಕ್ಕಿದ್ದಂತೆ ಎಲ್ಲ ಹೇಳುವವರು ಹೊರಟು ನಿಂತವರು ಎಂದು ಅವಳ ಅಜ್ಜಿ ಹೇಳುತ್ತಿದ್ದುದು ನೆನಪಾಯಿತು. ಆಕ್ಸಿಲರೇಟರ್ ತಾನೇ ತಾನಾಗಿ ಕೆಳಗೆ ಹೋಯಿತು.

"ನಿಧಾನ" ಎಂದ ಸ್ತೂರೆ. "ಮುಂದೆ ನೋಡು."

ರಸ್ತೆಯ ತುಂಬ ಹಿಮಸಾರಂಗಗಳು. ರಸ್ತೆಗೆ ಎರಚಿದ ಉಪ್ಪು ನೆಕ್ಕಲು ಬಂದವೋ, ಕಾಡಿನ ಹಿಮಕ್ಕಿಂತ ಡಾಂಬರು ವಾಸಿ ಎಂದು ಬಂದವೋ. ಅವಳು ನಿಲ್ಲಿಸಿ ಎಂಜಿನ್ ಆರಿಸಿದಳು. ಅವನ ಮಾತೂ ನಿಂತಿತು. ಆಮೇಲೆ ಗಾಜಿನಾಚೆ ನೋಡುತ್ತಲೇ ಹೇಳಿದ:

"ನಂಗೆ ಹೆದರಿಕೆ ಆಗತ್ತೆ ಸೀವ್."

"ಆಸ್ಪತ್ರೆಯಿಂದಾನಾ?"

"ಅಲ್ಲ. ಅಪ್ಪನ ಹಾಗೆ ಐವತ್ತೆರಡು ಆದಾಗಿಂದ. ದಿನಾ ಬೆಳಿಗ್ಗೆ ಎದ್ದಾಗ, ಇವತ್ತಾ ಅಂತ. ಆ ಚಿತ್ರ ಬಂದಾಗ, ಇದೇ ನೋಡು ಅಂದ್ಕೊಂಡೆ."

"ರೇಡಿಯೋ ಕೆಳಗೆ ಯಾಕೆ ಇಟ್ಟೆ ಮತ್ತೆ?"

"ನೀನು ಹೆದರ್ತೀಯ ಅಂತ."

ಅವಳಿಗೆ ನಗು ಬಂತೋ ಅಳು ಬಂತೋ ಹೇಳುವುದು ಕಷ್ಟ. ಒಂದೇ ಹಾಸಿಗೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಅದೇ ಒಂದನ್ನು ಮುಚ್ಚಿಟ್ಟುಕೊಂಡು ಮಲಗಿದ್ದರು. ಬಯಲಾದ ಮೇಲೂ ಭಯ ಸಣ್ಣದಾಗಲಿಲ್ಲ. ಆ ಮೆತ್ತಗಿನ ಗಂಟುಗಳು ಅವನ ಎದೆಯಲ್ಲಿ, ಈ ಕಾರಿನೊಳಗೇ ಇದ್ದವು, ಮನೆಗೂ ಜೊತೆಗೇ ಬರುವವು. ಪೊರೆ ದಪ್ಪವಾಗುತ್ತಿದೆಯೋ ತೆಳುವಾಗುತ್ತಿದೆಯೋ ಎಂದು ಕಿವಿಯಿಟ್ಟು ಕೇಳಿ ತಿಳಿಯುವ ಹಾಗಿರಲಿಲ್ಲ. ಎಲ್ಲಿಡಬೇಕೆಂದು ತಿಳಿಯದ ಅವನ ಕೈ ಸೀಟಿನ ಅಂಚಿನಲ್ಲಿ ಬಿದ್ದಿತ್ತು. ಅವಳು ಅದನ್ನು ತೆಗೆದು ಗೇರಿನ ಮೇಲಿದ್ದ ತನ್ನ ಕೈಯ ಮೇಲಿಟ್ಟುಕೊಂಡಳು.

"ನಾನೂ ಹೆದರಿದೀನಿ" ಎಂದಳು. "ತುಂಬಾ."

ಹಿಂಡು ಒಂದೊಂದಾಗಿ ಕಾಡಿಗಿಳಿಯಿತು. ಕೊನೆಯದು ಮಾತ್ರ ನಡುರಸ್ತೆಯಲ್ಲಿ ನಿಂತು, ಕಿವಿ ನಿಮಿರಿಸಿ, ಕಾರನ್ನೇ ನೋಡುತ್ತಿತ್ತು. ಅತ್ತಲೂ ಹೋಗದು, ಇತ್ತಲೂ ಹೋಗದು.

"ಹಾರ್ನ್ ಹೊಡಿ" ಎಂದ ಸ್ತೂರೆ.

"ಬೇಡ. ಅದಕ್ಕೂ ಹೆದರಿಕೆ. ಇರು, ಕಾಯೋಣ."